ಕೆರೆಯಂಚಿನ ಕೋಟೆಯ ಬಗ್ಗೆ ನಾನು ಬರೆದ ಸುಳ್ಳು

ನಮ್ಮೂರಿನ ಕೋಟೆ ಹೇಗೆ ಬಿತ್ತು ಎಂದು ಕೇಳಿದರೆ ಇವತ್ತಿಗೂ ಕೆಲವರು ಒಂದು ಕಥೆ ಹೇಳುತ್ತಾರೆ. ಕೆರೆಯ ನೀರು ಬಿಡುವ ನೀರುಗಂಟಿ ಶತ್ರುಗಳ ಜೊತೆ ಸೇರಿಕೊಂಡು ತೂಬು ಎತ್ತಿಬಿಟ್ಟ, ಕೋಟೆಯ ಸುತ್ತಲಿನ ನೀರು ಇಳಿಯಿತು, ಒಣಗಿದ ಕಡೆಯಿಂದ ದಂಡು ಒಳಗೆ ನುಗ್ಗಿತು ಎಂದು. ನಮ್ಮ ತಾತ ಹೇಳಿದ್ದು ಎನ್ನುತ್ತಾರೆ. ತಾತ ಹೇಳಿರಬಹುದು. ಆದರೆ ಆ ತಾತನ ಕಿವಿಗೆ ಅದನ್ನು ಹಾಕಿದವನು ನಾನು. ನಾನು ಬರೆಯುವ ಮೊದಲು ಆ ಕಥೆ ಎಲ್ಲಿಯೂ ಇರಲಿಲ್ಲ.

ನಮ್ಮೂರು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಇದೆ. ಊರಿನ ಹೆಸರು ‘ಸಮುದ್ರ’ ಎಂದು ಮುಗಿಯುತ್ತದೆ. ಕೆರೆ ಕಟ್ಟಿಸಿದ ಹಳೆಯ ದೊರೆಗಳು ಹಾಗೆ ಹೆಸರಿಟ್ಟರು. ಊರಿನಲ್ಲಿ ಯಾರೂ ಸಮುದ್ರ ನೋಡಿದವರಿರಲಿಲ್ಲವಾದ್ದರಿಂದ ಅದು ಹೆಚ್ಚಾಯಿತು ಎಂದು ಯಾರಿಗೂ ಅನ್ನಿಸಲಿಲ್ಲ. ಕೆರೆ ತುಂಬಿದ ವರ್ಷ ಗಾಳಿ ಬೀಸಿದರೆ ಅಲೆಗಳು ಏರಿಯ ಕಲ್ಲಿಗೆ ಬಡಿಯುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಆ ನೀರಿನೊಳಕ್ಕೆ ನಾಲಿಗೆಯಂತೆ ಚಾಚಿಕೊಂಡ ದಿಬ್ಬದ ಮೇಲೆ ಕೋಟೆ ಇತ್ತು. ಕಲ್ಲಿನದಲ್ಲ, ಮಣ್ಣಿನದು. ನನ್ನ ಕಾಲಕ್ಕಾಗಲೇ ಗೋಡೆಗಳು ಕುಸಿದು ದಿಣ್ಣೆಗಳಾಗಿದ್ದವು. ಹೆಬ್ಬಾಗಿಲಿನ ಎರಡು ಕಲ್ಲುಕಂಬಗಳು ಮಾತ್ರ ನಿಂತಿದ್ದವು. ದಿಣ್ಣೆಯ ಒಳಗೆ ಮನೆ ಮಾಡಿಕೊಂಡವರು ಕೋಟೆಯವರು, ಹೊರಗೆ ಹುಣಸೆ ತೋಪಿನ ಕಡೆ ಇದ್ದವರು ಪೇಟೆಯವರು. ಕೋಟೆಯಲ್ಲಿ ಮನೆಮಾತು ಕನ್ನಡ, ಪೇಟೆಯಲ್ಲಿ ತೆಲುಗು. ಎಲ್ಲರಿಗೂ ಎರಡೂ ಬರುತ್ತಿದ್ದವು, ಬೈಯುವಾಗ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತಿದ್ದರು.

ಕೋಟೆಯ ಬಗ್ಗೆ ಹಿರಿಯರು ಹೇಳುತ್ತಿದ್ದುದು ಇಷ್ಟು. ಇಲ್ಲಿ ಒಬ್ಬ ಪಾಳೆಯಗಾರ ಇದ್ದ. ಅವನಿಗೆ ಇಬ್ಬರು ಹೆಂಡತಿಯರು, ಇಬ್ಬರಿಗೂ ಒಬ್ಬೊಬ್ಬ ಮಗ. ತಂದೆ ಸತ್ತಾಗ ಹಿರಿಯವನು ಕೋಟೆಯ ಬಾಗಿಲು ಹಾಕಿಕೊಂಡ. ಕಿರಿಯವನು ತಾಯಿಯ ತವರಿನಿಂದ ಜನ ಕರೆತಂದು ಹುಣಸೆ ತೋಪಿನಲ್ಲಿ ಬೀಡುಬಿಟ್ಟ. ಹೊರಗಿನ ಶತ್ರು ಯಾರೂ ಇರಲಿಲ್ಲ. ಕುಂಬಾರನ ಒಬ್ಬ ಮಗ ಒಳಗಿದ್ದರೆ ಇನ್ನೊಬ್ಬ ಹೊರಗಿದ್ದ. ಅಕ್ಕ ಒಳಗೆ ಹೆತ್ತರೆ ತಂಗಿ ಹೊರಗೆ ಸೂತಕ ಹಿಡಿಯುತ್ತಿದ್ದಳು. ಒಂದೇ ಊರು ತನ್ನನ್ನು ತಾನೇ ಮುತ್ತಿಗೆ ಹಾಕಿಕೊಂಡಿತ್ತು.

ಆ ಕಾಳಗದಲ್ಲಿ ಇಬ್ಬರೂ ಮುಟ್ಟದೆ ಬಿಟ್ಟದ್ದು ಕೆರೆಯನ್ನು. ಒಳಗಿನವರು ಕುಡಿಯುವುದು ಅದೇ ನೀರು, ಹೊರಗಿನವರು ಭತ್ತ ಬೆಳೆಯುವುದೂ ಅದೇ ನೀರಿನಲ್ಲಿ. ಏರಿ ಒಡೆದರೆ ಇಬ್ಬರಿಗೂ ಊಟವಿಲ್ಲ. ಹಾಗಾಗಿ ತೂಬು ಎತ್ತುವ ಹೊತ್ತಿಗೆ ಎರಡು ಕಡೆಯವರೂ ಕೈ ನಿಲ್ಲಿಸುತ್ತಿದ್ದರಂತೆ. ನೀರುಗಂಟಿ ಕೆರೆಯೊಳಗೆ ಈಜಿ ಹೋಗಿ, ತೂಬಿನ ಕಲ್ಲುಕಂಬ ಹತ್ತಿ ನಿಂತು, ‘ಎತ್ಲಾ?’ ಎಂದು ಕೂಗುತ್ತಿದ್ದ. ಕೋಟೆಯಿಂದ ಒಬ್ಬ, ತೋಪಿನಿಂದ ಒಬ್ಬ ‘ಎತ್ತು’ ಎಂದರೆ ಮಾತ್ರ ನೀರು ಬಿಡುತ್ತಿದ್ದ. ಒಬ್ಬರು ಸುಮ್ಮನಿದ್ದರೂ ಹಾಗೆಯೇ ಈಜಿಕೊಂಡು ವಾಪಸು ಬರುತ್ತಿದ್ದ. ಈ ಪದ್ಧತಿ ನಮ್ಮ ಕಾಲದಲ್ಲೂ ನಡೆಯುತ್ತಿತ್ತು. ಮಳೆಗಾಲ ಕಳೆದು ಮೊದಲ ಸಲ ತೂಬು ಎತ್ತುವ ದಿನ ಕೋಟೆಯ ಪಟೇಲರು ಏರಿಯ ಒಂದು ತುದಿಯಲ್ಲಿ, ಪೇಟೆಯ ಯಜಮಾನರು ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದರು. ‘ಎತ್ತು’ ಎನ್ನುವುದು ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ. ವರ್ಷಕ್ಕೊಂದು ದಿನ ಎರಡು ಬೀದಿಗಳೂ ಒಂದೇ ಮಾತು ಆಡುತ್ತಿದ್ದವು.

ಕೊನೆಗೆ ಕೋಟೆ ಹೇಗೆ ಬಿತ್ತು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೋಟೆಯವರು ತಾವು ಸೋಲಲಿಲ್ಲ, ಕಾಳು ಮುಗಿಯಿತು ಎನ್ನುತ್ತಿದ್ದರು. ಪೇಟೆಯವರು ಏಣಿ ಹಾಕಿ ಹತ್ತಿದೆವು ಎನ್ನುತ್ತಿದ್ದರು. ಕಾಳಗವೇ ಮುಗಿಯಲಿಲ್ಲ, ಇಬ್ಬರು ತಾಯಂದಿರೂ ಬೇಸತ್ತು ಮಕ್ಕಳನ್ನು ಕಿವಿ ಹಿಡಿದು ಒಂದೇ ಎಲೆಗೆ ಕೂರಿಸಿದರು ಎನ್ನುವುದು ನಮ್ಮಜ್ಜಿಯ ವಾದ. ಇದು ಜಗಳದ ವಿಷಯವಾಗಿತ್ತೇ ಹೊರತು ಯಾರ ಹೊಟ್ಟೆಗೂ ಹೊಡೆಯುವ ವಿಷಯವಾಗಿರಲಿಲ್ಲ.

ನಮ್ಮದು ಶಾನುಭೋಗರ ಮನೆ. ಊರಿನ ಜಮೀನು, ಕಂದಾಯ, ಗಡಿಯ ವಿಚಾರಗಳೆಲ್ಲ ನಮ್ಮ ತಂದೆಯವರ ಕೈಯಲ್ಲಿ ಬರೆದದ್ದು. ಬರೆಯದ ಮಾತಿಗೆ ಊರಿನಲ್ಲಿ ಬೆಲೆ ಕಡಿಮೆ, ಬರೆದ ಮಾತಿಗೆ ಹೆಚ್ಚು, ನಮ್ಮ ಮನೆಯಲ್ಲಿ ಬರೆದ ಮಾತಿಗೆ ಎದುರೇ ಇಲ್ಲ. ನಾನು ಕೋಲಾರದಲ್ಲಿ ಬಂಧುಗಳ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿ ಮೂವತ್ತರ ದಶಕದ ಕೊನೆಯಲ್ಲಿ ಊರಿಗೆ ಬಂದೆ. ಮುಂದೆ ಓದಿಸುವ ಅನುಕೂಲ ಇರಲಿಲ್ಲ, ಕೆಲಸವೂ ಸಿಗಲಿಲ್ಲ. ತಂದೆಯವರ ಬರವಣಿಗೆಗೆ ಕೈಜೋಡಿಸುವುದು, ಸಂಜೆ ಶರಟು ತೊಟ್ಟು ಏರಿಯ ಮೇಲೆ ಓಡಾಡುವುದು, ಇಷ್ಟೇ. ನನ್ನಷ್ಟು ಓದಿದವರು ಊರಿನಲ್ಲಿ ಇಲ್ಲ ಎನ್ನುವುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ನಾನಂತೂ ಅದನ್ನು ಒಂದು ಕ್ಷಣವೂ ಮರೆಯುತ್ತಿರಲಿಲ್ಲ.

ಆಗಿನ ನೀರುಗಂಟಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು ಸಾಮಿ ಎನ್ನುತ್ತಿದ್ದ. ಊರಾಚೆಯ ಕೇರಿಯವನು, ತಲೆತಲಾಂತರದಿಂದ ಆ ಕೆಲಸ ಅವನ ಮನೆಯವರದು. ಉದ್ದ ಕೈಕಾಲು, ಮಾತಿನಲ್ಲಿ ಚುರುಕು, ನಗಿಸಿಯೇ ಕೆಲಸ ಸಾಧಿಸುವವನು. ಸುಗ್ಗಿಯಲ್ಲಿ ಎರಡು ಬೀದಿಯವರೂ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು, ಅದೇ ಅವನ ಬದುಕು. ಒಂದು ಬೇಸಗೆಯಲ್ಲಿ ನಮ್ಮ ಗದ್ದೆಗೆ ಸರದಿಗಿಂತ ಮುಂಚೆ ನೀರು ಬೇಕಾಗಿತ್ತು. ತಂದೆಯವರಿಗೆ ಹೇಳದೆ ನಾನೇ ಹೋಗಿ, ಕಾಲುವೆಯ ಹತ್ತಿರ ಜನ ಇರುವಾಗಲೇ, ತಿರುಗಿಸು ಎಂದು ಹೇಳಿದೆ. ಕೇಳಲಿಲ್ಲ, ಹೇಳಿದೆ.

ಅವನು ಮಣ್ಣು ಎಳೆಯುವ ಸನಿಕೆ ಊರಿಕೊಂಡು ನಿಂತು, ‘ಸಾಮಿ, ನೀವು ಕೋಲಾರದಾಗೆ ಏನೇನ್ ಓದಿದ್ರೋ ನಂಗೆ ಗೊತ್ತಿಲ್ಲ. ಈ ನೀರು ಮಾತ್ರ ಇಸ್ಕೂಲಿಗೆ ಹೋಗಿಲ್ಲ. ಅದಕ್ಕೆ ಗೊತ್ತಿರೋದು ಸರದಿ ಒಂದೇ’ ಎಂದ.

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಮರುದಿನ ಅವರು ಅದನ್ನು ಮರೆತರು, ಅವನೂ ಮರೆತ. ನಾನು ಮರೆಯಲಿಲ್ಲ.

ಮುಂದಿನ ವರ್ಷ ಯುಗಾದಿಗೆ ಊರಿನಲ್ಲಿ ನಾಟಕ ಆಡಬೇಕೆಂದು ಹುಡುಗರು ಹೊರಟರು. ಆಂಧ್ರದ ಗಡಿಯ ಕಡೆಯಿಂದ ಒಬ್ಬ ಹಾರ್ಮೋನಿಯಂ ಮೇಷ್ಟರನ್ನು ಕರೆಸಿದರು. ಯಾವ ನಾಟಕ ಎತ್ತಿಕೊಂಡರೂ ಅದರಲ್ಲಿ ಒಬ್ಬನೇ ನಾಯಕ. ಅವನು ಕೋಟೆಯವನಾದರೆ ಪೇಟೆಯವರು ಬರುವುದಿಲ್ಲ, ಪೇಟೆಯವನಾದರೆ ಕೋಟೆಯವರು ಬರುವುದಿಲ್ಲ. ಹೀಗೆ ವಾರಗಟ್ಟಲೆ ಕಿತ್ತಾಡಿ ಕೊನೆಗೆ ನಮ್ಮ ಕೋಟೆಯ ಕಥೆಯನ್ನೇ ಆಡೋಣ, ಅಣ್ಣನ ಕಡೆ ಕೋಟೆಯವರು, ತಮ್ಮನ ಕಡೆ ಪೇಟೆಯವರು ಎಂದು ತೀರ್ಮಾನವಾಯಿತು. ಬರೆಯುವುದಕ್ಕೆ ನನಗೆ ಹೇಳಿದರು. ಬೇರೆ ಯಾರಿಗೆ ಹೇಳುತ್ತಾರೆ?

ಬರೆಯಲು ಕೂತಾಗ ಕಷ್ಟ ಗೊತ್ತಾಯಿತು. ಅಣ್ಣ ಸೋತರೆ ಕೋಟೆಯವರು ರಂಗದ ಮೇಲೇ ಹೊಡೆದಾಡುತ್ತಾರೆ. ತಮ್ಮ ಮೋಸ ಮಾಡಿದರೆ ಪೇಟೆಯವರು ಸುಮ್ಮನಿರುವುದಿಲ್ಲ. ಇಬ್ಬರೂ ವೀರರಾಗಿರಬೇಕು, ಇಬ್ಬರೂ ಸತ್ಯವಂತರಾಗಿರಬೇಕು, ಆದರೂ ಕೋಟೆ ಬೀಳಬೇಕು. ಮೇಷ್ಟರಿಗೆ ಹೇಳಿದಾಗ ಅವರು ಹಾರ್ಮೋನಿಯಂ ನಿಲ್ಲಿಸಿ, ‘ಇಬ್ರೂ ಒಳ್ಳೆಯೋರೇ ಆದ್ರೆ ನಾಟಕಂ ಎಟ್ಲಾ ನಡೀತದಯ್ಯಾ? ಕೆಟ್ಟೋನು ಒಬ್ಬ ಬೇಕು. ಕೋಟೆಯೋನೂ ಅಲ್ಲ, ಪೇಟೆಯೋನೂ ಅಲ್ಲ, ಅಂಥೋನು ನಿಮ್ಮೂರಾಗೆ ಯಾರೂ ಇಲ್ವಾ?’ ಎಂದರು.

ಅವರು ಆ ಮಾತು ಆಡಿ ಮುಗಿಸುವ ಮೊದಲೇ ನನಗೆ ಉತ್ತರ ಹೊಳೆದಿತ್ತು.

ಆ ಹೊತ್ತಿನಲ್ಲಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬಿಡಿಸಲಾಗದ ಲೆಕ್ಕ ಬಿಡಿಸಿದಂತಾಯಿತು. ಕಿರಿಯವನಿಗೂ ತಿಳಿಯದಂತೆ ಅವನ ಮಂತ್ರಿಯೊಬ್ಬ ನೀರುಗಂಟಿಗೆ ಜಮೀನಿನ ಆಸೆ ತೋರಿಸುತ್ತಾನೆ. ನೀರುಗಂಟಿ ಯಾರನ್ನೂ ಕೇಳದೆ ತೂಬು ಎತ್ತುತ್ತಾನೆ. ನೀರು ಇಳಿಯುತ್ತದೆ, ದಂಡು ನುಗ್ಗುತ್ತದೆ. ನಿಜ ತಿಳಿದು ಅಣ್ಣ ತಮ್ಮ ಇಬ್ಬರೂ ಕತ್ತಿ ಬಿಸಾಡಿ ಅಪ್ಪಿಕೊಂಡು ಅಳುತ್ತಾರೆ, ನೀರುಗಂಟಿಯನ್ನು ಶಪಿಸುತ್ತಾರೆ. ಓದಿ ಹೇಳಿದಾಗ ಕೋಟೆಯ ಹುಡುಗರೂ ಪೇಟೆಯ ಹುಡುಗರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಎಂದೂ ಒಂದು ಚಾಪೆಯ ಮೇಲೆ ಕೂರದವರನ್ನು ನಾನು ಒಂದು ಮಾಡಿದ್ದೆ. ಯಾರನ್ನು ತುಳಿದುಕೊಂಡು ಅವರು ಹತ್ತಿರ ಬಂದರು ಎಂದು ಯಾರೂ ಯೋಚಿಸಲಿಲ್ಲ. ನನಗೆ ಗೊತ್ತಿತ್ತು.

ನಾಟಕ ತುಂಬ ಚೆನ್ನಾಗಿ ನಡೆಯಿತು. ನೀರುಗಂಟಿಯ ಪಾತ್ರ ಮಾಡಿದ ಹುಡುಗ ನಮ್ಮ ನೀರುಗಂಟಿಯ ನಡಿಗೆ, ತಲೆಗೆ ಟವಲು ಸುತ್ತುವ ರೀತಿ, ಸನಿಕೆ ಊರಿ ನಿಲ್ಲುವ ಠೀವಿ ಎಲ್ಲವನ್ನೂ ಹಾಗೆಯೇ ತಂದ. ಜನ ಬಿದ್ದು ಬಿದ್ದು ನಕ್ಕರು. ನಿಜವಾದ ನೀರುಗಂಟಿ ಹೆಂಡತಿಯ ಜೊತೆ ದೂರದಲ್ಲಿ ಏರಿಯ ಇಳಿಜಾರಿನಲ್ಲಿ ಕೂತಿದ್ದ. ಮೊದಲು ಅವನೂ ನಕ್ಕನಂತೆ. ಕೊನೆಯಲ್ಲಿ ಇಬ್ಬರು ರಾಜಕುಮಾರರೂ ಕೈಯೆತ್ತಿ ಶಪಿಸುವ ಹಾಡು ಬಂದಾಗ ಅವನ ಹೆಂಡತಿ ಎದ್ದು ಹೋದಳಂತೆ. ಇದನ್ನು ನನಗೆ ಆಮೇಲೆ ಹೇಳಿದರು. ನಾನು ಆಗ ಪರದೆಯ ಪಕ್ಕದಲ್ಲಿ ನಿಂತು ನನ್ನ ಮಾತುಗಳಿಗೆ ಜನ ಅಳುವುದನ್ನು ನೋಡುತ್ತಿದ್ದೆ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ತೂಬು ಎತ್ತುವ ದಿನ ಎಲ್ಲರೂ ಏರಿಯ ಮೇಲೆ ಸೇರಿದೆವು. ನೀರುಗಂಟಿ ಈಜಿ ಹೋಗಿ, ಕಂಬ ಹತ್ತಿ, ‘ಎತ್ಲಾ?’ ಎಂದು ಕೂಗಿದ. ಪಟೇಲರು ಯಜಮಾನರ ಕಡೆ ನೋಡಿದರು. ಯಜಮಾನರು ನೆಲ ನೋಡಿದರು. ಯಾರೂ ‘ಎತ್ತು’ ಎನ್ನಲಿಲ್ಲ. ಅವನು ಮತ್ತೆ ಕೂಗಿದ. ಆಮೇಲೆ, ತನ್ನ ಕೂಗು ಕೇಳಿಸಲಿಲ್ಲವೇನೋ ಎನ್ನುವಂತೆ ಈಜಿ ದಡಕ್ಕೆ ಬಂದು, ಮೈಯಿಂದ ನೀರು ಸುರಿಯುತ್ತಿರುವಂತೆಯೇ ಏನಾಯಿತೆಂದು ಕೇಳಿದ. ಪಟೇಲರು ಸಿಟ್ಟಿನಿಂದಲ್ಲ, ಸಂಕಟದಿಂದಲೇ ಹೇಳಿದರು: ಈ ಸಲ ಬೇರೆ ಯಾರಾದರೂ ಎತ್ತಲಿ, ನಿಮ್ಮ ವಂಶದ ಕೈಯಲ್ಲಿ ತೂಬು ಕೊಡುವುದಕ್ಕೆ ಜನ ಹೆದರುತ್ತಿದ್ದಾರೆ.

‘ಅದು ನಾಟಕ ಅಲ್ವಾ ಸಾಮಿ?’ ಎಂದ ಅವನು.

‘ನಾಟಕ ಅಂದ್ರೇನೋ? ಬರ್ದಿರೋದು ಶಾನುಭೋಗರ ಮನೇಲಿ ಕಣೋ. ಅವ್ರ ಮನೇಲಿ ಸುಳ್ಳು ಬರೀತಾರಾ?’ ಎಂದರು ಪಟೇಲರು.

ಅವನು ನನ್ನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ‘ನೀವೇ ಹೇಳಿ ಸಾಮಿ’ ಎಂದ. ಒಂದು ಮಾತು ಸಾಕಾಗಿತ್ತು. ಅದು ನಾನು ಕಟ್ಟಿದ ಕಥೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದಷ್ಟು ನಗುತ್ತಿದ್ದರು, ಅಷ್ಟೇ. ಅವರು ನಗುತ್ತಾರೆ ಎನ್ನುವುದೇ ನನ್ನ ಬಾಯಿ ಕಟ್ಟಿತು. ಹಳಬರು ಹೇಳಿದ್ದನ್ನು ಬರೆದೆ ಎಂದು ಗೊಣಗಿದೆ. ಆ ಮಾತು ನಾಟಕಕ್ಕಿಂತ ದೊಡ್ಡ ಪಾಪ. ನಾಟಕ ಬರೆದಾಗ ಅದು ಇಷ್ಟು ದೂರ ಹೋಗುತ್ತದೆಂದು ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಈ ಮಾತಿಗೆ ಹಾಗೆ ಹೇಳಿಕೊಳ್ಳಲು ಬರುವುದಿಲ್ಲ. ನೀರು ಸುರಿಯುತ್ತ ನಿಂತ ಮನುಷ್ಯ ಎದುರಿಗೇ ಇದ್ದ.

ಪಟೇಲರ ಕಡೆಯ ಒಬ್ಬ ಹುಡುಗ ತೂಬು ಎತ್ತಿದ. ಸುಗ್ಗಿಯಲ್ಲಿ ಕಾಳು ಅಳೆದು ಕೊಟ್ಟದ್ದೂ ಅವನಿಗೇ. ಸಂಕ್ರಾಂತಿ ಕಳೆದ ಮೇಲೆ ನೀರುಗಂಟಿ ಹೆಂಡತಿಯನ್ನು ಕರೆದುಕೊಂಡು ಮಾಲೂರಿನ ಕಡೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋದ ಎಂದು ಗೊತ್ತಾಯಿತು. ಮನೆಗೆ ಬೀಗವಿರಲಿಲ್ಲ. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಹೋಗಿದ್ದರು.

ಒಂದು ಸಂಜೆ ತಂದೆಯವರು, ನೀರುಗಂಟಿಯ ಕಥೆ ನಿನಗೆ ಯಾರು ಹೇಳಿದರು ಎಂದು ಕೇಳಿದರು. ಅಜ್ಜಿ ಎಂದೆ. ಅಜ್ಜಿ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ತಂದೆಯವರು ತಮ್ಮ ತಾಯಿಯ ಎಲ್ಲ ಕಥೆಗಳನ್ನೂ ಕೇಳಿ ಬೆಳೆದವರು. ನನ್ನ ಮುಖವನ್ನು ನೋಡದೆಯೇ, ‘ನಾನೇ ಹೋಗಿ ಊರಿಗೆ ಹೇಳಬಹುದು. ಹೇಳಿಬಿಟ್ಟರೆ ನಿನಗೆ ಹೇಳೋಕೆ ಏನೂ ಉಳಿಯೋದಿಲ್ಲ. ಅದಕ್ಕೆ ಕಾಯ್ತೀನಿ’ ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಮಾತು ಕಡಿಮೆ ಮಾಡಿದರು. ಅವರು ಕಾಯುತ್ತಿದ್ದಾರೆ ಎನ್ನುವುದು ಪ್ರತಿದಿನವೂ ಊಟದ ಎಲೆಯ ಮುಂದೆ ನನಗೆ ಗೊತ್ತಾಗುತ್ತಿತ್ತು. ಹಾಗಿದ್ದೂ ನಾನು ಕೆಲವು ವರ್ಷ ಅವರನ್ನು ಕಾಯಿಸಿದೆ.

ಆ ವರ್ಷಗಳಲ್ಲಿ ದೂರದಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ, ಬಟ್ಟೆ ಸಿಗುತ್ತಿರಲಿಲ್ಲ. ನಮ್ಮೂರಿನಲ್ಲಿ ನಮ್ಮದೇ ಒಂದು ಕಾಳಗ ಶುರುವಾಯಿತು. ಹೊಸದಾಗಿ ತೂಬು ನೋಡಿಕೊಳ್ಳುತ್ತಿದ್ದ ಹುಡುಗ ಕೋಟೆಯವನು. ಅವನು ನ್ಯಾಯವಾಗಿ ನೀರು ಬಿಟ್ಟರೂ ಪೇಟೆಯವರು ನಂಬುತ್ತಿರಲಿಲ್ಲ. ಬಹಳ ಸಲ ನ್ಯಾಯವಾಗಿ ಬಿಡುತ್ತಲೂ ಇರಲಿಲ್ಲ. ಪೇಟೆಯವರು ತಾವೇ ಒಬ್ಬನನ್ನು ನೇಮಿಸಿದರು. ಇಬ್ಬರು ನೀರುಗಂಟಿಗಳಾದರು. ಒಬ್ಬ ಎತ್ತಿದ್ದನ್ನು ಇನ್ನೊಬ್ಬ ಮುಚ್ಚುವುದು, ಒಬ್ಬ ತಿರುಗಿಸಿದ ಕಾಲುವೆಯನ್ನು ಇನ್ನೊಬ್ಬ ಕಟ್ಟುವುದು. ಯಾವ ಕಡೆಯವನೂ ಅಲ್ಲದ ಒಬ್ಬ ಮನುಷ್ಯ ನಮಗೆ ಯಾಕೆ ಬೇಕಾಗಿತ್ತು ಎಂದು ಆಗ ತಿಳಿಯಿತು. ಒಂದು ಬೆಳಗ್ಗೆ ಕಾಲುವೆಯ ಹತ್ತಿರ ಹೊಡೆದಾಟವಾಗಿ ಪಟೇಲರ ತಮ್ಮನ ತಲೆ ಒಡೆಯಿತು, ಪೇಟೆಯ ಒಬ್ಬನ ಕೈ ಮುರಿಯಿತು. ಅವರಿಬ್ಬರನ್ನೂ ಒಂದೇ ಗಾಡಿಯಲ್ಲಿ ಮುಳಬಾಗಿಲಿನ ಆಸ್ಪತ್ರೆಗೆ ಸಾಗಿಸಿದರು, ಬೇರೆ ಗಾಡಿ ಇರಲಿಲ್ಲ. ಗಾಡಿ ಹೋದ ದಾರಿಯಲ್ಲಿ ರಕ್ತದ ಹನಿಗಳು ಬಿದ್ದಿದ್ದವು. ಅದನ್ನು ನೋಡಿದ ಮೇಲೆ ನಾನು ಮನೆಗೆ ಹೋಗಿ ಪಂಚೆ ಬದಲಿಸಿಕೊಂಡು, ಮಾಲೂರಿಗೆ ಹೋಗಿಬರುತ್ತೇನೆ ಎಂದು ತಂದೆಯವರಿಗೆ ಹೇಳಿದೆ. ಅವರು ಯಾಕೆ ಎಂದು ಕೇಳಲಿಲ್ಲ. ಬಸ್ಸಿನ ಖರ್ಚಿಗೆ ದುಡ್ಡು ಕೊಟ್ಟರು.

ಪೆಟ್ರೋಲು ಸಿಗದೆ ಬಸ್ಸುಗಳು ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ದಿಣ್ಣೆ ಬಂದರೆ ಇಳಿದು ತಳ್ಳಬೇಕು. ಕೋಲಾರ ಸೇರಿ, ಅಲ್ಲಿಂದ ಮಾಲೂರಿಗೆ ಹೋಗಿ, ಲಕ್ಕೂರಿನ ಕಡೆಯ ಗೂಡುಗಳಲ್ಲಿ ವಿಚಾರಿಸುತ್ತ ನಡೆದೆ. ಅವನು ಮಣ್ಣು ತುಳಿಯುತ್ತಿದ್ದ. ನನ್ನನ್ನು ಕಂಡು ಮೊದಲು, ‘ಊರಾಗೆ ಯಾರಾದ್ರೂ ಹೋಗ್ಬಿಟ್ರಾ ಸಾಮಿ?’ ಎಂದು ಗಾಬರಿಯಿಂದ ಕೇಳಿದ. ನಾನು ಇಲ್ಲ ಎಂದೆ. ಅಲ್ಲೇ, ಅವನು ಮಣ್ಣಿನ ಗುಂಡಿಯಲ್ಲಿ ಮೊಣಕಾಲುದ್ದ ನಿಂತಿರುವಾಗಲೇ ಎಲ್ಲವನ್ನೂ ಹೇಳಿದೆ. ಅಂಥ ಕಥೆ ಇರಲಿಲ್ಲ, ನಾನೇ ಕಟ್ಟಿದೆ ಎಂದೆ. ನಾಟಕಕ್ಕೆ ಬೇಕಾಗಿತ್ತು ಎನ್ನುವುದು ಅರ್ಧ ಮಾತ್ರ. ನೀನು ಕಾಲುವೆಯ ಹತ್ತಿರ ನನ್ನನ್ನು ನಗೆಪಾಟಲು ಮಾಡಿದೆ, ಆ ಸಿಟ್ಟಿಗೆ ಹಾಗೆ ಬರೆದೆ ಎಂದೂ ಹೇಳಿದೆ.

ಅವನು ನೆನಪು ಮಾಡಿಕೊಳ್ಳಲು ನೋಡಿದ. ‘ನಾನು ಏನಂದೆ ಸಾಮಿ ಅವತ್ತು?’ ಎಂದು ಕೇಳಿದ. ಹೇಳಿದೆ. ಅವನು ನಗಲಿಲ್ಲ. ‘ಇಷ್ಟಕ್ಕಾ’ ಎಂದ.

ಅವನ ಹೆಂಡತಿ ತಲೆಯ ಮೇಲಿದ್ದ ಇಟ್ಟಿಗೆಗಳನ್ನು ಇಳಿಸಿ ಕೇಳುತ್ತ ನಿಂತಿದ್ದಳು. ಅವಳೇ ಮುಂದೆ ಬಂದಳು. ‘ಇಲ್ಲಿ ಬಂದು ಹೇಳಿದ್ರೆ ಯಾರು ಕೇಳ್ತಾರೆ ಸಾಮಿ, ಈ ಇಟ್ಟಿಗೆ ಕೇಳ್ತವೆ. ನಮ್ಮ ಮಾವ, ಅವ್ರಪ್ಪ, ಎಲ್ರನ್ನೂ ಊರ ಮುಂದೆ ಕಳ್ಳರು ಮಾಡಿದ್ರಿ. ಊರ ಮುಂದೇನೇ ಹೇಳಿ. ಹೇಳಿದ್ಮೇಲೆ ಬಾಯಿಮಾತಲ್ಲಿ ಕರೆ ಕಳಿಸಿದ್ರೆ ನಾವು ಬರಲ್ಲ. ಯಾರು ಬಾಯಿ ಮುಚ್ಕೊಂಡು ನಿಂತಿದ್ರೋ ಆ ಇಬ್ರು ಹಿರಿಯರೂ ಇಲ್ಲಿಗೆ ಬಂದು ಕರೀಲಿ’ ಎಂದಳು.

ಅವನು ಅವಳನ್ನು ತಡೆಯಲು ನೋಡಿದ. ಅವಳು, ‘ನೀನು ಸುಮ್ಕಿರು, ನೀನು ಜೋಕು ಹೇಳಿದ್ದಕ್ಕೇ ಇಷ್ಟೆಲ್ಲ ಆಗಿದ್ದು’ ಎಂದಳು. ಆಗ ಅವನಿಗೆ ನಗು ಬಂತು.

ಆ ವರ್ಷ ಕೆರೆ ಮುಕ್ಕಾಲು ತುಂಬಿತ್ತು. ಒಟ್ಟಲ ಮಡಿಯಲ್ಲಿ ಬೆಳೆಸಿದ ಭತ್ತದ ಪೈರು ನಾಟಿಗೆ ಬಂದಿತ್ತು, ತೂಬಿನ ಹತ್ತಿರ ಮಾತ್ರ ಎರಡು ಕಡೆಯವರೂ ದೊಣ್ಣೆ ಹಿಡಿದು ಕಾವಲು ಕೂತಿದ್ದರು. ಎತ್ತುವುದಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಪಂಚಾಯಿತಿ ಸೇರಿದಾಗ ನಾನು ಎದ್ದು ನಿಂತೆ. ನೀರುಗಂಟಿಯ ವಂಶದವರು ಕೋಟೆಗೆ ಎಂದೂ ದ್ರೋಹ ಮಾಡಿದವರಲ್ಲ, ಅದು ನಾನು ನಾಟಕಕ್ಕಾಗಿ ಹುಟ್ಟಿಸಿದ ಕಥೆ, ಅಜ್ಜಿ ಹೇಳಲಿಲ್ಲ, ಯಾರೂ ಹೇಳಲಿಲ್ಲ, ಆ ದಿನ ಏರಿಯ ಮೇಲೆ ನಾನು ಸುಳ್ಳಾಡಿದೆ ಎಂದೆ. ಯಾರೂ ನಗಲಿಲ್ಲ. ನಾನು ಅಷ್ಟು ವರ್ಷ ಹೆದರಿದ್ದ ನಗೆ ಬರಲೇ ಇಲ್ಲ. ಬಂದದ್ದು ಬೇರೆಯೇ.

ಪಟೇಲರು ಯೋಚಿಸಿ, ಹಾಗಾದರೆ ಕೋಟೆ ಬಿದ್ದದ್ದು ಹೇಗೆ ಎಂದು ಕೇಳಿದರು. ಪೇಟೆಯ ಯಜಮಾನರು, ನಾವು ಏಣಿ ಹಾಕಿ ಹತ್ತಿದೆವಲ್ಲ ಎಂದರು. ಕೋಟೆಯ ಕಡೆಯಿಂದ ಒಬ್ಬ ಎದ್ದು ನಿಂತ. ಹಳೆಯ ಜಗಳ ಮತ್ತೆ ಶುರುವಾಗುವಂತೆ ಕಂಡಿತು. ನಾನು ಸುಳ್ಳನ್ನು ಕಿತ್ತುಕೊಂಡೊಡನೆ ಇಬ್ಬರೂ ಒಪ್ಪುವಂಥದ್ದು ಏನೂ ಉಳಿಯಲಿಲ್ಲ. ತಂದೆಯವರು ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಬೇಸರವಿರಲಿಲ್ಲ, ಅದೊಂದೇ ನನಗೆ ಧೈರ್ಯ.

ಆಗ ಪೇಟೆಯ ಕಡೆ ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಎದ್ದಳು. ಗಂಡನಿಲ್ಲದ, ಎರಡು ತುಂಡು ಗದ್ದೆ ತಾನೇ ಮಾಡಿಸುತ್ತಿದ್ದ ಹೆಂಗಸು. ‘ಅದು ಹೆಂಗೋ ಬಿತ್ತು ಬಿಡ್ರಪ್ಪ. ಬಿದ್ದು ಎಷ್ಟು ಕಾಲವಾಯ್ತೋ. ನನ್ನ ಪೈರು ಇವತ್ತು ಸಾಯ್ತೈತೆ. ನೀರು ಬಿಡೋನು ಯಾರು, ಅದು ಹೇಳಿ’ ಎಂದಳು.

ಎಲ್ಲರ ಹತ್ತಿರವೂ ಒಂದೇ ಉತ್ತರವಿತ್ತು, ಮೊದಲು ಹೇಳುವವರು ಯಾರು ಎಂದು ಕಾಯುತ್ತಿದ್ದರು. ಕೋಟೆ ಹೇಗೆ ಬಿತ್ತು ಎನ್ನುವುದು ಗೊತ್ತಿಲ್ಲದೆಯೂ ಬದುಕಬಹುದು ಎಂದು ಆ ಸಂಜೆ ಊರು ಒಪ್ಪಿಕೊಂಡಿತು. ನ್ಯಾಯಕ್ಕಾಗಿ ಒಪ್ಪಿತು ಎಂದು ಬರೆಯಲಾರೆ, ಪೈರಿಗಾಗಿ ಒಪ್ಪಿತು. ಆದರೂ ಒಪ್ಪಿತು. ನಾನು ನೀರುಗಂಟಿಯ ಹೆಂಡತಿಯ ಷರತ್ತನ್ನು ತಿಳಿಸಿದಾಗ ಸ್ವಲ್ಪ ಗದ್ದಲವಾಯಿತು, ಪಟೇಲರು ಇಟ್ಟಿಗೆ ಗೂಡಿಗೆ ಹೋಗುವುದೇ ಎಂದು. ಯಜಮಾನರು, ‘ಅವರು ಬರದಿದ್ದರೆ ಬೇಡ, ನಾನೊಬ್ಬನೇ ಹೋಗಿ ಕರ್ಕೊಂಡು ಬರ್ತೀನಿ’ ಎಂದರು. ಪಟೇಲರು ತಕ್ಷಣ ಹೊರಟರು.

ಒಂದು ವಿಷಯ ಇಲ್ಲಿಯೇ ಬರೆಯಬೇಕು. ನನ್ನ ಸಿಟ್ಟಿನ ಕಾರಣವನ್ನು ನಾನು ಪಂಚಾಯಿತಿಯಲ್ಲಿ ಹೇಳಲಿಲ್ಲ. ನಾಟಕಕ್ಕೆ ಬೇಕಾಗಿತ್ತು ಎಂದಷ್ಟೇ ಹೇಳಿದೆ. ಊರು ಅದನ್ನು ಓದಿದ ಹುಡುಗನ ಅತಿಬುದ್ಧಿ ಎಂದು ಕ್ಷಮಿಸಿತು. ಉಳಿದದ್ದು ನೀರುಗಂಟಿಗೂ ಅವನ ಹೆಂಡತಿಗೂ ಮಾತ್ರ ಗೊತ್ತಿತ್ತು, ಅವರು ಯಾರಿಗೂ ಹೇಳದೆ ತೀರಿಕೊಂಡರು. ಅವರು ನನ್ನ ಮರ್ಯಾದೆ ಕಾಪಾಡಿದರು. ಆ ಉಳಿದ ನಿಜ ಅವರ ಮೊಮ್ಮಕ್ಕಳಿಗೆ ಸಲ್ಲಬೇಕಾದ್ದು, ಆದ್ದರಿಂದ ಬರೆಯುತ್ತಿದ್ದೇನೆ.

ಮಾಲೂರಿಗೆ ನಾವು ಮೂವರು ಹೋದೆವು. ಪಟೇಲರೂ ಯಜಮಾನರೂ ಬಸ್ಸಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತರು. ದಿಣ್ಣೆಯಲ್ಲಿ ಬಸ್ಸು ನಿಂತಾಗ ಇಬ್ಬರೂ ಇಳಿದು ಒಂದೇ ಕಡೆಯಿಂದ ತಳ್ಳಬೇಕಾಯಿತು. ಗೂಡಿನ ಹತ್ತಿರ ಹೋದಾಗ ನೀರುಗಂಟಿಯ ಹೆಂಡತಿ, ಸುಟ್ಟ ಇಟ್ಟಿಗೆ ಇಳಿಸುವ ಕೆಲಸ ಒಪ್ಪಿಕೊಂಡಿದ್ದೇವೆ, ಅದು ಮುಗಿಯುವ ತನಕ ಬರುವುದಿಲ್ಲ ಎಂದು ಹೇಳಿ ಹೊರಟುಹೋದಳು. ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಾವು ಒಂದು ಹೊಂಗೆಮರದ ಕೆಳಗೆ ಕಾದೆವು. ಯಜಮಾನರು ಹೊಗೆಸೊಪ್ಪಿನ ಚೀಲವನ್ನು ಕೋಲಾರದಲ್ಲಿ ಮರೆತು ಬಂದಿದ್ದರು. ಬಹಳ ಹೊತ್ತು ತಡೆದುಕೊಂಡು ಕೊನೆಗೆ ಪಟೇಲರ ಚೀಲದ ಕಡೆ ನೋಡಿದರು. ಪಟೇಲರು ಅದನ್ನು ನಡುವೆ ಇಟ್ಟರು. ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು ನೀರುಗಂಟಿ ಬಂದು ನಿಂತಾಗ ಇಬ್ಬರೂ ಎದ್ದರು. ಯಾರು ಮೊದಲು ಕರೆಯಬೇಕೆಂದು ಗೊತ್ತಾಗದೆ ಇಬ್ಬರೂ ಒಟ್ಟಿಗೆ, ಊರಿಗೆ ಬಾಪ್ಪ ಎಂದರು. ಅವನು ಹೆಂಡತಿಯ ಮುಖ ನೋಡಿದ. ಅವಳು ಗಂಟು ಕಟ್ಟಲು ಒಳಗೆ ಹೋದಳು.

ಮರುದಿನ ಮುಳಬಾಗಿಲಿನಲ್ಲಿ ಬಸ್ಸಿಳಿದಾಗ ಊರಿನಿಂದ ಒಂದು ಎತ್ತಿನ ಗಾಡಿ ಬಂದು ಕಾಯುತ್ತಿತ್ತು. ಚಿಕ್ಕ ಗಾಡಿ. ನಾವು ಹತ್ತುವ ಮುಂಚೆಯೇ ನೀರುಗಂಟಿಯ ಹೆಂಡತಿ ತನ್ನ ಗಂಟುಗಳನ್ನು ಒಳಗೆ ಇಟ್ಟು, ತಾನೂ ಹತ್ತಿ, ಮುಂದೆ ಕೂತುಬಿಟ್ಟಿದ್ದಳು. ಊರಾಚೆಯ ಕೇರಿಯವರು ಹಾಗೆ ಕೂತದ್ದನ್ನು ನಮ್ಮೂರಿನ ಗಾಡಿ ಅದುವರೆಗೆ ಕಂಡಿರಲಿಲ್ಲ. ನೀರುಗಂಟಿ ಕೆಳಗೆ ನಿಂತು ನಮ್ಮೆಲ್ಲರ ಮುಖ ನೋಡಿದ. ಗಾಡಿ ಹೊಡೆಯುವವನು ಪಟೇಲರ ಮುಖ ನೋಡಿದ. ಪಟೇಲರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಎತ್ತುಗಳ ಕಡೆ ತಿರುಗಿ, ಬಡಕಲಾಗಿವೆ, ಎಲ್ಲರನ್ನೂ ಎಳೆಯುವುದಿಲ್ಲ, ನಾನು ನಡೆದು ಬರುತ್ತೇನೆ, ನೀನು ಹತ್ತು ಎಂದು ನೀರುಗಂಟಿಗೆ ಹೇಳಿದರು. ಕೋಟೆಯವರು ನಡೆದು ಪೇಟೆಯವರು ಗಾಡಿಯಲ್ಲಿ ಬಂದರು ಎನ್ನುವ ಮಾತು ಬರಬಾರದೆಂದು ಯಜಮಾನರೂ, ತಮಗೂ ಕಾಲಿದೆ ಎಂದರು. ನಾನು ಅವರಿಬ್ಬರ ಹಿಂದೆ ಹೊರಟೆ.

ಗಾಡಿ ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು. ಬಿಸಿಲೇರುತ್ತಿತ್ತು. ಪಟೇಲರೂ ಯಜಮಾನರೂ ಗಾಡಿಯ ಧೂಳಿನಲ್ಲಿ ಅಕ್ಕಪಕ್ಕ ನಡೆಯುತ್ತ, ಈ ಸಲ ಮೊದಲು ಯಾರ ಗದ್ದೆ ನಾಟಿ ಮಾಡಬೇಕೆಂದು ಜಗಳ ಶುರು ಮಾಡಿದರು.